ಕಂಪನಿಯಿಂದ ನಿಮ್ಮ ಮಾಹಿತಿ ಸೋರಿದರೆ ಪರಿಹಾರ ಕೇಳೋದು ಎಲ್ಲಿ?

ಗೋಕಾಕ: ಆ್ಯಪ್‌ನಲ್ಲಿ ಸಾಮಾನು ತರಿಸುವವರು ಮೊಬೈಲ್ ನಂಬರ್, ವಿಳಾಸ ಕೊಟ್ಟೇ ಇರ್ತಾರೆ. 2020ರಲ್ಲಿ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿದ ಸುದ್ದಿ ಬಂದಾಗ ಕಂಪನಿ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತ್ತು. ಹಾಗಾದ್ರೆ ಗ್ರಾಹಕರ ಹಕ್ಕೇನು?

ಪರಿಹಾರ: ಬ್ಯಾಂಕ್ ವಿವರ, ಪಾಸ್‌ವರ್ಡ್ ಕಾಯುವಲ್ಲಿ ಕಂಪನಿ ನಿರ್ಲಕ್ಷ್ಯ ಮಾಡಿ ನಷ್ಟವಾದರೆ ಐಟಿ ಕಾಯ್ದೆಯ 43ಎ ಕಲಂ ಅಡಿ ಪರಿಹಾರ ಕೇಳಬಹುದು. 5 ಕೋಟಿ ರೂ.ವರೆಗಿನ ಅರ್ಜಿಯನ್ನು ರಾಜ್ಯದ ಐಟಿ ಇಲಾಖೆ ಕಾರ್ಯದರ್ಶಿ ವಿಚಾರಣೆ ಮಾಡ್ತಾರೆ.

ಹೊಸ ಕಾಯ್ದೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮುಖ್ಯ ಭಾಗ, 2025ರ ನವೆಂಬರ್ ಅಧಿಸೂಚನೆಯಂತೆ, 2027ರ ಮೇ ತಿಂಗಳಲ್ಲಿ ಜಾರಿಯಾಗಬೇಕು. ಆಮೇಲೆ ಮಾಹಿತಿ ಸೋರಿದರೆ ಕಂಪನಿ ಗ್ರಾಹಕರಿಗೆ ತಿಳಿಸಲೇಬೇಕು. ದಂಡ 250 ಕೋಟಿ ರೂ.ವರೆಗೆ. ಆದ್ರೆ ಆ ದಂಡ ಸರ್ಕಾರದ ಖಜಾನೆಗೆ ಹೋಗ್ತದೆ, ಗ್ರಾಹಕರ ಕಿಸೆಗಲ್ಲ. ಪರಿಹಾರ ಕೊಡಿಸುವ 43ಎ ಕಲಂ ಕೂಡ ಆಗ ರದ್ದು. ಹಾಗಾಗಿ ನಷ್ಟ ಆದವರು ತಡ ಮಾಡಬಾರದು.

ರೊಕ್ಕ ಹೋದರೆ: ತಕ್ಷಣ ಬ್ಯಾಂಕಿಗೂ 1930 ನಂಬರಿಗೂ ತಿಳಿಸ್ರಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ ಅಂತಿದ್ದು, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನದೊಳಗೆ ತಿಳಿಸಿದ್ದರೆ, ಆರ್‌ಬಿಐ ನಿಯಮದಂತೆ ನಷ್ಟ ನಿಮ್ಮ ಮೇಲಿಲ್ಲ. ಓಟಿಪಿ ನೀವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ.

ಗೋಕಾಕ, ಮೂಡಲಗಿ, ಹುಕ್ಕೇರಿಯವರು ಹತ್ತಿರದ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಮೆಸೇಜ್, ಬ್ಯಾಂಕ್ ಸ್ಟೇಟ್‌ಮೆಂಟ್, ದೂರಿನ ನಂಬರ್ ಜೋಪಾನವಾಗಿ ಇಟ್ಟುಕೊಳ್ರಿ.