ಎಂಟ್ರೊಪಿ

ಜರ್ಮನ್ ಭೌತವಿಜ್ಞಾನಿ ರುಡಾಲ್ಫ್ ಕ್ಲೌಸಿಯಸ್ 1865ರಲ್ಲಿ ಟಂಕಿಸಿದ ಪದ. ‘ಮಾರ್ಪಾಡು’ ಎಂಬರ್ಥದ ಗ್ರೀಕ್ ‘ಟ್ರೊಪೆ’ಗೆ ‘ಎನ್’ ಸೇರಿಸಿದ್ದು, ‘ಎನರ್ಜಿ’ಯ ಒಡಹುಟ್ಟಿನಂತೆ ಕೇಳಿಸಲೆಂದೇ.

ಎಂಟ್ರೊಪಿಯ ಏರಿಕೆಯ ಲೆಕ್ಕ ಸರಳ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಕಿಲೊ ಮಂಜುಗಡ್ಡೆ ಕರಗಲು ಸುಮಾರು 334 ಕಿಲೊಜೂಲ್ ಶಾಖ ಬೇಕು. ಅದನ್ನು ನಿರಪೇಕ್ಷ ತಾಪ 273 ಕೆಲ್ವಿನ್‌ನಿಂದ ಭಾಗಿಸಿ: ಮಂಜುಗಡ್ಡೆಯ ಎಂಟ್ರೊಪಿ ಪ್ರತಿ ಕೆಲ್ವಿನ್‌ಗೆ ಸುಮಾರು 1,220 ಜೂಲ್‌ನಷ್ಟು ಏರಿದೆ. 1877ರಲ್ಲಿ ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಎಂಟ್ರೊಪಿಯನ್ನು ಅಣುಗಳ ಸಾಧ್ಯ ಜೋಡಣೆಗಳ ಎಣಿಕೆಗೆ ಬೆಸೆದರು. 1948ರಲ್ಲಿ ಗಣಿತಜ್ಞ ಶ್ಯಾನನ್ ಮಾಹಿತಿ ಸಿದ್ಧಾಂತಕ್ಕೂ ಪದವನ್ನು ತಂದರು.

‘ಅವ್ಯವಸ್ಥೆ’ ಎಂಬುದು ರೂಢಿಯ ಅರ್ಥವಷ್ಟೇ. ಫ್ರಿಜ್ಜಿನಲ್ಲಿ ನೀರು ಹೆಪ್ಪುಗಟ್ಟಿದಾಗ ಅದರ ಎಂಟ್ರೊಪಿ ಇಳಿಯುತ್ತದೆ, ಕೋಣೆಯದು ಅದಕ್ಕಿಂತ ಹೆಚ್ಚು ಏರುತ್ತದೆ. ಎಂದೂ ಕುಗ್ಗದಿರುವುದು ಹೊರಸಂಪರ್ಕವಿಲ್ಲದ ವ್ಯವಸ್ಥೆಯ ಒಟ್ಟು ಎಂಟ್ರೊಪಿ.