ಅವಸರದ ಪಾಕ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯ ಒಂದು ಮನೆಯಲ್ಲಿ ನೀವಿದ್ದೀರಿ ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಮೂರು ಗಂಟೆ. ಮಗುವಿನ ಹುಟ್ಟುಹಬ್ಬ. ಐದು ಗಂಟೆಯ ಬಸ್ಸಿಗೆ ಹೊಸದುರ್ಗದಿಂದ ನೆಂಟರು ಬಂದಿಳಿಯುವವರಿದ್ದಾರೆ. ಮಗುವಿಗೆ ಕೇಕು ಬೇಕೇ ಬೇಕು. ಪೇಟೆಯಿಂದ ತರಿಸುವ ಹೊತ್ತು ಮೀರಿದೆ. ಮನೆಯಲ್ಲಿ ಒಲೆಯುಂಟು, ಕೇಕು ಬೇಯಿಸುವ ಪೆಟ್ಟಿಗೆಯಿಲ್ಲ. ಆದರೂ ಧೈರ್ಯಗೆಡದೆ ದಪ್ಪ ತಳದ ಪಾತ್ರೆಯೊಂದರಲ್ಲಿ ಎರಡು ಬೆರಳಿನಷ್ಟು ಮರಳು ಹರವಿ, ಕಾಯಿಸಿ, ಅದರ ಮೇಲೆ ಹಿಟ್ಟಿನ ತಟ್ಟೆಯನ್ನಿಟ್ಟು ಮುಚ್ಚಿದಿರಿ.

ಕೆಡುವ ಕಾಲಕ್ಕೆ ಎಲ್ಲವೂ ಒಟ್ಟಿಗೆ ಕೆಡುತ್ತವೆ. ಆ ಮನೆಗೆ ಮೊಟ್ಟೆ ಬರುವಂತಿಲ್ಲ. ಭಾರವೆಲ್ಲ ಸೋಡಾದ ಮೇಲೆ. ಸೋಡಾಕ್ಕೆ ಜೊತೆಯಾಗಬೇಕಾದ ಮೊಸರು ಇನ್ನೂ ಹುಳಿಯಾಗಿಲ್ಲ. ಹಿಟ್ಟು ಕಲಸುವ ಹೊತ್ತಿಗೇ ವಿದ್ಯುತ್ತು ಹೋಯಿತು. ಬೆಂದೀತೋ ಇಲ್ಲವೋ ಎಂಬ ಆತಂಕದಲ್ಲಿ ಅರ್ಧ ಗಂಟೆಯೊಳಗೆ ನಾಲ್ಕು ಸಲ ಮುಚ್ಚಳ ತೆಗೆದು ನೋಡಿದಿರಿ. ಕೊನೆಗೆ ಇಳಿಸಿದಾಗ ಅಂಚೆಲ್ಲ ಸೀದು ಕರಿಯಾಗಿತ್ತು. ನಡುಭಾಗ ಕುಸಿದು ನೀರು ಬತ್ತಿದ ಕೆರೆಯಂಗಳದಂತಾಗಿತ್ತು. ಗಂಟೆ ನಾಲ್ಕೂವರೆ.

ಆಗ ಹಿತ್ತಲಿನಿಂದ ಒಳಗೆ ಬಂದ ಅಜ್ಜಿ ಒಂದು ಮಾತನ್ನೂ ಆಡಲಿಲ್ಲ. ಸೀದ ಅಂಚನ್ನು ಚಾಕುವಿನಿಂದ ಹೆರೆದು ಹಾಕಿದಳು. ಉಳಿದುದನ್ನು ಕೈಯಿಂದ ಪುಡಿಮಾಡಿ, ಹಸಿ ಹೋಗುವಂತೆ ತುಪ್ಪದಲ್ಲಿ ಹುರಿದಳು. ಬೆಲ್ಲದ ಪಾಕ, ತುರಿದ ತೆಂಗಿನಕಾಯಿ, ಎರಡು ಏಲಕ್ಕಿ ಸೇರಿದವು. ಬಸ್ಸು ಬಂದು ನಿಲ್ಲುವ ಹೊತ್ತಿಗೆ ಬಿಸಿಬಿಸಿಯಾದ ಒಂದು ಭಕ್ಷ್ಯ ಬಟ್ಟಲುಗಳಲ್ಲಿತ್ತು. ನೆಂಟರು ತಿಂದರು, ಇನ್ನಷ್ಟು ಬೇಡಿದರು, ಕೊನೆಗೆ ಕೇಳಿದರು: "ಇದಕ್ಕೇನು ಹೆಸರು?"

ಈ ಪ್ರಶ್ನೆ ಹೊಸದಲ್ಲ. ಇದೇ ಪ್ರಶ್ನೆಯನ್ನು ಒಮ್ಮೆ ಮೈಸೂರಿನ ಅರಮನೆಯಲ್ಲಿ ಒಬ್ಬ ದೊರೆ ತನ್ನ ಅಡಿಗೆಯವನನ್ನು ಕೇಳಿದನೆಂದು ಕಥೆಯುಂಟು. ಆ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು. ಚಿತ್ರದುರ್ಗ ಸೀಮೆಯವರಿಗೆ ಅವರ ಮನೆತನ ದೂರದ್ದಲ್ಲ. 1895ರಲ್ಲಿ, ಇನ್ನೂ ಹತ್ತು ವರ್ಷದ ಬಾಲಕರಾಗಿದ್ದಾಗ, ಅವರು ಪಟ್ಟಕ್ಕೆ ಬಂದರು; 1902ರವರೆಗೆ ಅವರ ಪರವಾಗಿ ರಾಜ್ಯವಾಳಿದವರು ತಾಯಿ, ವಾಣಿವಿಲಾಸ ಸನ್ನಿಧಾನದವರು. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಕೆರೆಗೆ ವಾಣಿವಿಲಾಸ ಸಾಗರವೆಂಬ ಹೆಸರು ಬಂದದ್ದು ಆ ತಾಯಿಯಿಂದಲೇ. ಮಗ 1940ರವರೆಗೆ ಆಳಿದರು. ಆ ದೀರ್ಘ ಆಳ್ವಿಕೆಯ ಒಂದು ಮಧ್ಯಾಹ್ನ ನಮ್ಮ ಕಥೆ ನಡೆಯುತ್ತದೆ.

ಅರಮನೆಯ ಅಡಿಗೆಯವರಲ್ಲಿ ಕಾಕಾಸುರ ಮಾದಪ್ಪನೆಂಬುವನಿದ್ದ. ದೊರೆಗಳು ಊಟಕ್ಕೆ ಬಂದು ಕುಳಿತಾಗಿತ್ತು. ತಟ್ಟೆಯಲ್ಲಿ ಎಲ್ಲವೂ ಇತ್ತು, ಸಿಹಿಯ ಜಾಗ ಮಾತ್ರ ಬರಿದಾಗಿತ್ತು. ಮಾದಪ್ಪ ಕೈಗೆ ಸಿಕ್ಕ ಕಡಲೆಹಿಟ್ಟು, ಸಕ್ಕರೆ, ತುಪ್ಪ ಈ ಮೂರನ್ನೇ ಸೇರಿಸಿ ಒಲೆಯ ಮೇಲಿಟ್ಟು ತಿರುವಿದ. ಬಡಿಸುವಾಗ ಮೆತ್ತಗಿದ್ದದ್ದು ಊಟ ಮುಗಿಯುವ ಹೊತ್ತಿಗೆ ಗಟ್ಟಿಕಟ್ಟಿತು. ದೊರೆಗಳು ಬಾಯಲ್ಲಿಟ್ಟರು, ಮೆಚ್ಚಿದರು, ಹೆಸರೇನೆಂದು ಕೇಳಿದರು. ಹೆಸರಿಡುವ ಪುರುಸೊತ್ತಾದರೂ ಅವನಿಗೆಲ್ಲಿತ್ತು? ಬಾಯಿಗೆ ಬಂದದ್ದನ್ನು ಹೇಳಿದ: "ಮೈಸೂರು ಪಾಕ." ಅರಮನೆಯ ಹೊರಗಿನ ಜನವೂ ಇದನ್ನು ಸವಿಯಲೆಂದು ಅಂಗಡಿ ತೆರೆಯಲು ದೊರೆಗಳೇ ಹೇಳಿದರಂತೆ. ಮಾದಪ್ಪನ ವಂಶದವರು ಮೈಸೂರಿನ ದೇವರಾಜ ಮಾರುಕಟ್ಟೆಯ ಮಗ್ಗುಲಲ್ಲಿ ಇಂದಿಗೂ ಅದೇ ಸಿಹಿಯನ್ನು ಮಾಡಿ ಮಾರುತ್ತಿದ್ದಾರೆ.

ಕಥೆ ಸೊಗಸಾಗಿದೆ. ಆದರೆ ಇದು ಬಾಯಿಂದ ಬಾಯಿಗೆ ಬಂದ ಕಥೆ. ಬಾಯಿಮಾತಿನ ಚರಿತ್ರೆಯನ್ನು ತೂಗಿನೋಡಿ ತೆಗೆದುಕೊಳ್ಳುವುದು ಒಳ್ಳೆಯದು. ತೂಗುವ ತಕ್ಕಡಿ ದಫ್ತರಖಾನೆಯಲ್ಲೇ ಇರಬೇಕೆಂದೇನೂ ಇಲ್ಲ. ನಿಮ್ಮ ಅಡಿಗೆಮನೆಯಲ್ಲೂ ಒಂದಿದೆ. ಬನ್ನಿ, ಒಲೆಯ ಮುಂದೆ ನಿಂತು ಈ ಕಥೆಯನ್ನು ಪರೀಕ್ಷಿಸೋಣ.

ಮೈಸೂರು ಪಾಕವನ್ನು ಮಾಡಿನೋಡಿದವರು ಬಲ್ಲರು. ಮೊದಲು ಸಕ್ಕರೆಗೆ ನೀರು ಬೆರಸಿ ಒಂದೆಳೆಯ ಪಾಕ ಬರುವವರೆಗೆ ಕಾಯಿಸಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದೇ ಎಳೆ ನಿಂತಾಗ ಅದರ ಬಿಸಿ ಸುಮಾರು 105 ಡಿಗ್ರಿ ಸೆಂಟಿಗ್ರೇಡಿನಷ್ಟಿರುತ್ತದೆ. ಆದರೆ ಬೆರಳಿಗೆ ಈ ಲೆಕ್ಕ ಬೇಕಾಗಿಲ್ಲ. ಆಮೇಲೆ ಜರಡಿ ಹಿಡಿದ ಕಡಲೆಹಿಟ್ಟನ್ನು ಗಂಟಾಗದಂತೆ ಉದುರಿಸಬೇಕು. ಪಕ್ಕದ ಒಲೆಯಲ್ಲಿ ತುಪ್ಪ ಕಾಯುತ್ತಲೇ ಇರಬೇಕು. ಆ ತುಪ್ಪ ನೀರು ಕುದಿಯುವ ಬಿಸಿಗಿಂತ ಬಹಳ ಹೆಚ್ಚು ಕಾದಿರುತ್ತದೆ. ಸೌಟು ಸೌಟಾಗಿ ಅದನ್ನು ಎರೆದಾಗಲೆಲ್ಲ ಪಾಕದೊಳಗಿನ ನೀರು ಒಮ್ಮೆಲೇ ಆವಿಯಾಗಿ ನುಗ್ಗುತ್ತದೆ. ಹಿಟ್ಟು ಬುಸ್ಸೆಂದು ನೊರೆಯೇಳುತ್ತದೆ. ಮೈಸೂರು ಪಾಕದ ಮೈತುಂಬ ಇರುವ ಸಣ್ಣ ಸಣ್ಣ ತೂತುಗಳು ಆ ಆವಿ ಹೊರಟ ದಾರಿಗಳು. ನೊರೆ ಏಳುತ್ತಿರುವಾಗಲೇ ತಟ್ಟೆಗೆ ಸುರಿಯಬೇಕು. ಒಂದು ಗಳಿಗೆ ಮುಂಚೆ ಸುರಿದರೆ ಹಲ್ವದಂತೆ ಮೆತ್ತಗೇ ಉಳಿಯುತ್ತದೆ. ಒಂದು ಗಳಿಗೆ ತಡವಾದರೆ ಬಾಣಲೆಯಲ್ಲೇ ಪುಡಿಯಾಗುತ್ತದೆ. ಸುರಿದ ಮೇಲೂ ಒಳಗಿನ ಬಿಸಿ ಆರದೆ ನಡುಭಾಗ ಕೆಂಪಗಾಗುತ್ತದೆ. ಬಲ್ಲವರು ಆ ಕೆಂಪು ಗೆರೆಯನ್ನು ನೋಡಿಯೇ ಬೆಲೆಕಟ್ಟುತ್ತಾರೆ.

ಈಗ ಹೇಳಿ, ಇದು ಆಕಸ್ಮಿಕವಾಗಿ ಆಗುವ ಕೆಲಸವೆ? ಬಾಣಲೆಗೆ ಮೂರು ಪದಾರ್ಥಗಳನ್ನು ಗಾಬರಿಯಿಂದ ಸುರಿದವನಿಗೆ ಸಿಗುವುದು ಗಂಟುಗಂಟಾದ ಮುದ್ದೆ. ಮಾದಪ್ಪನಿಗೆ ಬೇರೆಯದು ಸಿಕ್ಕಿದ್ದರೆ, ಅವನ ಬೆರಳಿಗೆ ಎಳೆಯ ಗುರುತು ಮೊದಲೇ ಇತ್ತು, ಕಿವಿಗೆ ತುಪ್ಪದ ಸದ್ದು ಮೊದಲೇ ಗೊತ್ತಿತ್ತು. ಅವಸರ ಅವನಿಗೆ ಹೊಸ ವಿದ್ಯೆಯನ್ನೇನೂ ಕೊಡಲಿಲ್ಲ; ಇದ್ದ ವಿದ್ಯೆಯನ್ನು ಹೊಸ ದಾರಿಗೆ ತಿರುಗಿಸಿತು, ಅಷ್ಟೆ. ಕಥೆಯ ಅವಸರವನ್ನು ನಂಬೋಣ. ಕಥೆಯ ಅದೃಷ್ಟವನ್ನು ಅಷ್ಟು ಸುಲಭವಾಗಿ ನಂಬುವುದು ಬೇಡ.

ಆ ವಿದ್ಯೆಯಾದರೂ ಮಾದಪ್ಪನೊಬ್ಬನದಲ್ಲ. ಕನ್ನಡ ನಾಡಿನ ಹಳೆಯ ಆಸ್ತಿ. 1025ರ ಸುಮಾರಿನಲ್ಲಿ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಮಳೆ, ಬೆಳೆ, ವೈದ್ಯಗಳ ಜೊತೆಗೆ ಅಡಿಗೆಗೂ ಒಂದು ಸ್ಥಾನವುಂಟು. ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಗ್ರಂಥವನ್ನು ಷಟ್ಪದಿಯಲ್ಲಿ ರಚಿಸಿದ. ಅರಸುಮನೆತನದವನೊಬ್ಬ ರೊಟ್ಟಿ, ಪಾನಕ, ಪಲ್ಯಗಳ ಮೇಲೆ ಪದ್ಯ ಕಟ್ಟಿದನೆಂದರೆ ಅಡಿಗೆಯ ಗೌರವ ಎಷ್ಟಿತ್ತೆಂದು ನೀವೇ ಊಹಿಸಬಹುದು. ಹಿಟ್ಟಿನ ತಿಂಡಿಗಳ ಭಾಗಕ್ಕೆ ಅವನು ಪಿಷ್ಟಪಾಕವೆಂದೇ ಹೆಸರಿಟ್ಟ. ಆ ಕಾಲದ ತಿಂಡಿಗಳಲ್ಲಿ ಮುಚ್ಚಳ ರೊಟ್ಟಿ ಎಂಬುದೊಂದು. ಹಿಟ್ಟನ್ನು ಪಾತ್ರೆಯಲ್ಲಿಟ್ಟು ಮುಚ್ಚಿ, ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುವ ಕ್ರಮ ಅದು. ಎರಡು ಕಡೆಯಿಂದಲೂ ಸಮನಾದ ಕಾವು! ಮಾಡದಕೆರೆಯ ಆ ಕೇಕಿಗೆ ಇಲ್ಲದೆ ಹೋದದ್ದು ಇದೇ. ಮರಳಿನ ಕಾವು ತಳದಿಂದ ಮಾತ್ರ ಬಂತು. ಮೇಲಿನ ಕಾವನ್ನು ನೀವು ಮುಚ್ಚಳ ತೆಗೆದಾಗಲೆಲ್ಲ ಹೊರಗೆ ಬಿಟ್ಟಿರಿ. ಸೋಡಾದ ಅನಿಲ ಹಿಟ್ಟನ್ನು ಎತ್ತಿಹಿಡಿದಿತ್ತು, ಗೋಡೆ ಬಲಿಯುವ ಮುನ್ನವೇ ಚಾವಣಿ ಬಿತ್ತು.

ಕೇಕಿನ ಮಾತು ಬಂದುದರಿಂದ ಅದರ ಚರಿತ್ರೆಯನ್ನೂ ನೋಡೋಣ. ಕೇಕು ನಮ್ಮ ಕಡೆಗೆ ಬಂದದ್ದು ಕೂಡ ಕೊರತೆಗಳ ನಡುವೆಯೇ. ಕಾಸರಗೋಡಿನಿಂದ ಕರಾವಳಿಯಲ್ಲೇ ತೆಂಕಣಕ್ಕೆ ಹೋದರೆ ತಲಶ್ಶೇರಿ ಸಿಗುತ್ತದೆ. ಆಗ ಕಾಸರಗೋಡು ಸೇರಿದ್ದ ದಕ್ಷಿಣ ಕನ್ನಡವೂ ತಲಶ್ಶೇರಿ ಸೇರಿದ್ದ ಮಲಬಾರೂ ಒಂದೇ ಮದರಾಸು ಆಧಿಪತ್ಯದ ಜಿಲ್ಲೆಗಳು. 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ಇಂಗ್ಲೆಂಡಿನ ಕೇಕೊಂದನ್ನು ತಂದು, ಅಲ್ಲಿ ಬಿಸ್ಕತ್ತಿನ ಕಾರ್ಖಾನೆ ನಡೆಸುತ್ತಿದ್ದ ಮಂಬಳ್ಳಿ ಬಾಪುವಿನ ಮುಂದಿಟ್ಟು, ಕ್ರಿಸ್ಮಸ್ಸಿಗೆ ಇಂಥದನ್ನೇ ಮಾಡಿಕೊಡು ಎಂದನಂತೆ. ಬಾಪು ಅಂಥದನ್ನು ಹಿಂದೆ ಮಾಡಿದವನಲ್ಲ. ಅಚ್ಚಿಲ್ಲ, ಕಮ್ಮಾರನಿಂದ ಮಾಡಿಸಿದ. ದೊರೆ ಹೇಳಿದ ಫ್ರೆಂಚ್ ಬ್ರಾಂದಿಯ ಬದಲು ಗೇರುಹಣ್ಣು, ಬಾಳೆಹಣ್ಣುಗಳಿಂದ ಇಳಿಸಿದ ಊರಿನ ಮದ್ಯವನ್ನೇ ಬಳಸಿದ. ಮಲಬಾರಿನ ಮಸಾಲೆ ಮನೆಬಾಗಿಲಲ್ಲೇ ಇತ್ತು. ದೊರೆ ತಿಂದು ತಲೆದೂಗಿದನೆಂದು ಆ ಮನೆತನದವರು ಹೇಳುತ್ತ ಬಂದಿದ್ದಾರೆ.

ಕನ್ನಡ ನಾಡಿನ ಕೇಕಿಗೆ ಬಂದ ಕಷ್ಟ ಬೇರೆ ಬಗೆಯದು. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಹಾಸನದ ಕಡೆಯ ಎಚ್. ಎಸ್. ತಿರುಮಲಾಚಾರ್ಯರು ಬಿ. ಬಿ. ಬೇಕರಿಯನ್ನು ತೆರೆದರು. ಅವರ ಸಿಹಿಯಂಗಡಿಗೆ ಬರುತ್ತಿದ್ದ ಆಂಗ್ಲರೊಬ್ಬರು ಬೇಯಿಸುವ ಕ್ರಮವನ್ನು ತೋರಿಸಿಕೊಟ್ಟರೆಂದು ಹೇಳುತ್ತಾರೆ. ಆದರೆ ಅಯ್ಯಂಗಾರರ ಮನೆಯ ಮಡಿ ಬಿಡುವಂತಿಲ್ಲ, ಮೊಟ್ಟೆ ಮುಟ್ಟುವಂತಿಲ್ಲ. ಕೇಕಿನಲ್ಲಿ ಮೊಟ್ಟೆಯೆಂದರೆ ಮನೆಗೆ ತೊಲೆಯಿದ್ದಂತೆ: ಗಾಳಿಯನ್ನು ಹಿಡಿಯುವುದೂ ಅದೇ, ಬೆಂದ ಮೇಲೆ ಗೋಡೆಯನ್ನು ನಿಲ್ಲಿಸುವುದೂ ಅದೇ. ತೊಲೆಯಿಲ್ಲದೆ ಮನೆ ನಿಲ್ಲಿಸಬೇಕಾಯಿತು, ನಿಲ್ಲಿಸಿದರು. ಆಮೇಲೆ ಹಾಸನದ ಹಳ್ಳಿಗಳಿಂದ ಬಂದ ಅನೇಕ ಕುಟುಂಬಗಳು ಈ ಕಸಬನ್ನು ಹಿಡಿದವು. ಇಂದು ಕರ್ನಾಟಕದಲ್ಲಿ ಅಯ್ಯಂಗಾರ್ ಬೇಕರಿಯ ಹಲಗೆ ಕಾಣದ ಪೇಟೆ ಅಪರೂಪ.

ಮೈಸೂರು, ತಲಶ್ಶೇರಿ, ಚಿಕ್ಕಪೇಟೆ ಈ ಮೂರೂ ಕಡೆ ಏನೋ ಒಂದು ಇರಲಿಲ್ಲ. ಒಬ್ಬನಿಗೆ ಹೊತ್ತಿಲ್ಲ, ಒಬ್ಬನಿಗೆ ಸಾಮಗ್ರಿಯಿಲ್ಲ, ಒಬ್ಬರಿಗೆ ಮೊಟ್ಟೆಯ ಅನುಮತಿಯಿಲ್ಲ. ಮೂರೂ ಕಡೆ ಕೊರತೆಯನ್ನು ತುಂಬಿದ್ದು ನುರಿತ ಕೈ. ಆದರೂ ನಾವು ಇಂಥ ಕಥೆಗಳನ್ನು ಹೇಳುವಾಗ "ಏನೋ ಮಾಡಲು ಹೋಗಿ ಏನೋ ಆಯಿತು" ಎಂದು ನಕ್ಕುಬಿಡುತ್ತೇವೆ. ಶಿಲ್ಪಿಯ ಕೆಲಸವನ್ನು ನೋಡಿ ಉಳಿ ಜಾರಿ ಮೂರ್ತಿಯಾಯಿತು ಎನ್ನುವವರಿಲ್ಲ. ಅಡಿಗೆಯವನ ವಿಷಯದಲ್ಲಿ ಮಾತ್ರ ಆಕಸ್ಮಿಕವೆಂಬ ಮಾತು ನಮಗೆ ಸಲೀಸಾಗಿ ಬರುತ್ತದೆ. ಹಾಗೆನ್ನುವುದು ಆ ಕೈಗೆ ಸಲ್ಲಬೇಕಾದದ್ದನ್ನು ಕಸಿದುಕೊಂಡಂತೆ.

ಮಾದಪ್ಪನ ಉತ್ತರವನ್ನು ಮತ್ತೊಮ್ಮೆ ಗಮನಿಸಿ. ಅವನು ಊರಿನ ಹೆಸರು ಹೇಳಿದ, ಕಸಬಿನ ಮಾತು ಹೇಳಿದ. ತನ್ನ ಹೆಸರು ಸೇರಿಸಲಿಲ್ಲ. ಆ ಕಸಬಿನ ಮಾತಿಗೂ ಒಮ್ಮೆ ಕುತ್ತು ಬಂತು. 2025ರ ಮೇ ತಿಂಗಳಲ್ಲಿ, ಭಾರತ ಪಾಕಿಸ್ತಾನಗಳ ನಡುವೆ ಕಾಳಗವಾದ ದಿನಗಳಲ್ಲಿ, ಜಯಪುರದ ಕೆಲವು ಸಿಹಿಯಂಗಡಿಗಳವರು ಪಾಕವೆಂಬ ಪದಕ್ಕೆ ಬೆದರಿ ಇದನ್ನು ಮೈಸೂರು ಶ್ರೀ ಎಂದು ಕರೆದರು. ನಳಪಾಕವನ್ನು ಬಲ್ಲ ಕನ್ನಡಿಗರು ನಕ್ಕರು, ಕೆಲವರು ನೊಂದರು. ಮಂಗರಸನ ಅಧ್ಯಾಯಕ್ಕೆ ಹೆಸರಾಗಿದ್ದ ಪದ ಅದು. ಎಳೆ ನೋಡುವ ಬೆರಳಿಗೆ ಸೇರಿದ ಪದ. ಅದನ್ನು ಕಿತ್ತರೆ ಆ ಸಿಹಿಯಲ್ಲಿ ಅಡಿಗೆಯವನದೆಂಬ ಗುರುತು ಏನೂ ಉಳಿಯುವುದಿಲ್ಲ.

ಅರಮನೆಯ ಒಲೆಯ ಮುಂದೆ ನಿಂತವನ ಹೆಸರಾದರೂ ಉಳಿಯಿತು. ನಮ್ಮ ನಿಮ್ಮ ಮನೆಗಳಲ್ಲಿ ಒಡೆದ ಹಾಲನ್ನು ಸಿಹಿಯಾಗಿಸಿದವರು, ಮಿಕ್ಕ ಅನ್ನವನ್ನು ಹೊತ್ತಿಗೆ ಒದಗಿಸಿದವರು, ಉಪ್ಪು ಹೆಚ್ಚಿದ ಸಾರನ್ನು ಯಾರಿಗೂ ತಿಳಿಯದಂತೆ ಸರಿಪಡಿಸಿದವರು ಎಷ್ಟು ಮಂದಿ! ಅವರು ಚೆನ್ನಾಗಿ ಸರಿಪಡಿಸಿದ್ದರಿಂದಲೇ ಕೆಟ್ಟದ್ದು ನಮಗೆ ತಿಳಿಯಲಿಲ್ಲ. ಕೆಟ್ಟದ್ದು ತಿಳಿಯದ್ದರಿಂದ ಅವರ ಜಾಣ್ಮೆಯೂ ತಿಳಿಯಲಿಲ್ಲ.

ಈಗ ಮಾಡದಕೆರೆಯ ಆ ಮನೆಗೆ ಹಿಂದಿರುಗೋಣ. ನೆಂಟರು ಬಟ್ಟಲು ಹಿಡಿದು ಕಾಯುತ್ತಿದ್ದಾರೆ. ಇದಕ್ಕೇನು ಹೆಸರೆಂದು ಕೇಳಿದರೆ ಅಜ್ಜಿ, "ಅಯ್ಯೋ, ಏನೋ ಒಂದು ಮಾಡಿದೆ" ಎಂದು ಸೆರಗಿನಲ್ಲಿ ಕೈ ಒರಸಿಕೊಂಡು ಒಳಗೆ ಹೋಗಿಬಿಟ್ಟಾಳು. ಉತ್ತರವನ್ನು ನೀವೇ ಕೊಡಿ. ಊರಿನ ಹೆಸರನ್ನು ಬೇಕಾದರೆ ಸೇರಿಸಿಕೊಳ್ಳಿ, ಪಾಕವೆಂಬುದನ್ನೂ ಉಳಿಸಿಕೊಳ್ಳಿ. ಮೊದಲಿಗೆ ಮಾತ್ರ ಅಜ್ಜಿಯ ಹೆಸರನ್ನಿಟ್ಟು ಹೇಳಿ. ಮುಂದಿನ ವರ್ಷ ಅದೇ ಭಕ್ಷ್ಯವನ್ನು ಬಯಸಿ ಮಗು ಅದೇ ಹೆಸರು ಹಿಡಿದು ಕೂಗಲಿ.