ಆರ್ಕಿಡ್ ಹೂವಿನ ದಳವೈಪರೀತ್ಯ

ಆರ್ಕಿಡ್ ಹೂವಿನಲ್ಲಿ ಎಸಳಿನಂತೆ ಕಾಣುವ ಭಾಗಗಳು 6: ಹೊರಸುತ್ತಿನಲ್ಲಿ 3 ಪುಷ್ಪಪತ್ರ, ಒಳಸುತ್ತಿನಲ್ಲಿ 3 ದಳ. ಒಳಗಿನ ಮೂರರಲ್ಲಿ ಒಂದು ಬಣ್ಣ, ಆಕಾರಗಳಲ್ಲಿ ಬೇರೆಯಾಗಿ ‘ತುಟಿ’ ಎನಿಸುತ್ತದೆ. ಕೇಸರ, ಶಲಾಕೆಗಳು ಬೆಸೆದು ನಡುವೆ ಕಂಬವಾಗಿರುತ್ತವೆ. ಮಲೆನಾಡಿನ ಮರಗಳ ಮೇಲಿನ ಸೀತಾಳೆ ದಂಡೆಗೂ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಒಣ ಸೀಮೆಯಲ್ಲಿ ಕುಂಡದಲ್ಲಷ್ಟೇ ಬಾಳಬಲ್ಲ ಫೆಲನಾಪ್ಸಿಸ್‌ಗೂ ವಿನ್ಯಾಸ ಇದೇ. ಈ ಲೆಕ್ಕ ತಪ್ಪಿದಾಗ ಬಹುಮಟ್ಟಿಗೆ ದಳ ಹೆಚ್ಚಿರುವುದಿಲ್ಲ. ಒಂದು ಭಾಗ ಇನ್ನೊಂದರ ರೂಪ ತಳೆದಿರುತ್ತದೆ.

ತುಟಿಯ ಮೂಲ: ವೈಪರೀತ್ಯವನ್ನು ಅರಿಯಲು ತುಟಿ ಯಾವುದರಿಂದ ಆದದ್ದೆಂದು ತಿಳಿಯಬೇಕು. ಆರ್ಕಿಡ್ ಹೂವು 5 ಸುತ್ತುಗಳ 15 ಅಂಗಗಳಿಂದ ಬಂದದ್ದು, ತುಟಿಯಲ್ಲಿ ಒಂದು ದಳದೊಡನೆ ಎರಡು ಕೇಸರಗಳೂ ಬೆರೆತಿವೆ ಎಂದು ಡಾರ್ವಿನ್ 1862ರ ಗ್ರಂಥದಲ್ಲಿ ವಾದಿಸಿದ. ಇದನ್ನು ಒಪ್ಪದವರಲ್ಲಿ ಬಿ.ಜಿ.ಎಲ್. ಸ್ವಾಮಿ (1918–1980) ಪ್ರಮುಖರು. ‘ಹಸುರು ಹೊನ್ನು’ವಿನ ಲೇಖಕರೆಂದೇ ಕನ್ನಡಿಗರು ಬಲ್ಲ ಸ್ವಾಮಿಯವರು ಆರ್ಕಿಡ್ ಹೂವಿನೊಳಗಿನ ನಾಳಕೂರ್ಚಗಳ ಜಾಡು ಹಿಡಿದು ನಡೆಸಿದ ಅಧ್ಯಯನ 1948ರಲ್ಲಿ ಹಾರ್ವರ್ಡ್‌ನ ಸಸ್ಯಶಾಸ್ತ್ರ ಸಂಗ್ರಹಾಲಯದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಅವರ ಭ್ರೂಣಶಾಸ್ತ್ರದ ಲೇಖನಗಳೂ ಬಂದವು. ತುಟಿ ಮಾರ್ಪಟ್ಟ ದಳವೇ ಎಂಬ ನಿಲುವಿಗೆ ಇಂದಿನ ತಳಿಶಾಸ್ತ್ರವೂ ಸ್ಥೂಲವಾಗಿ ಒತ್ತಾಸೆಯಾಗಿದೆ.

ಜೀನ್‌ಗಳು: ಹೂವಿನ ಅಂಗಗಳನ್ನು ನಿರ್ಧರಿಸುವ ‘ಬಿ’ ವರ್ಗದ ಒಂದು ಜೀನ್ ಆರ್ಕಿಡ್‌ಗಳಲ್ಲಿ ಇಮ್ಮಡಿಸುತ್ತ ನಾಲ್ಕು ಕವಲಾಗಿದೆ. 2008ರಲ್ಲಿ ಮಂಡಿತವಾದ ‘ಆರ್ಕಿಡ್ ಸಂಕೇತ’ ಸಿದ್ಧಾಂತದಂತೆ ಮೊದಲೆರಡು ಕವಲುಗಳು ದುಡಿದರೆ ಪುಷ್ಪಪತ್ರ, ಮೂರನೆಯದೂ ಸೇರಿದರೆ ಪಕ್ಕದ ದಳ, ನಾಲ್ಕೂ ಕೂಡಿದರೆ ತುಟಿ. ನಾಲ್ಕನೆಯದು ಪಕ್ಕದ ದಳಗಳಲ್ಲೂ ದುಡಿಯತೊಡಗಿದರೆ ಹೂವಿಗೆ ಮೂರು ತುಟಿ. ಇದೇ ಪೆಲೋರಿಯ. ಎಸಳುಗಳ ಎಣಿಕೆ ನಿಜವಾಗಿ ಏರುವುದು ಕಂಬ ಕೆಟ್ಟಾಗ: ಸಿಂಬಿಡಿಯಂ ಎನ್ಸಿಫೋಲಿಯಂನ ಬಹುದಳ ತಳಿಯಲ್ಲಿ ‘ಸಿ’ ವರ್ಗದ ಜೀನ್ ಸ್ತಬ್ಧವಾಗಿ, ಕಂಬದ ಜಾಗದಲ್ಲಿ ಎಸಳುಗಳೇ ಮೂಡುತ್ತವೆ.

ಇವೆಲ್ಲ ಉತ್ಪರಿವರ್ತನೆಗಳೇ ಎನ್ನುವಂತಿಲ್ಲ. ಪೆಲೋರಿಯ ಎಂಬ ಹೆಸರನ್ನು ಲಿನೇಯಸ್ 1744ರಲ್ಲಿ ಕೊಟ್ಟದ್ದು ಆರ್ಕಿಡ್‌ಗಲ್ಲ, ಲಿನೇರಿಯ ಗಿಡಕ್ಕೆ. ಅದರಲ್ಲಿ ಜೀನ್‌ನ ಅಕ್ಷರಗಳು ಬದಲಾಗಿರಲಿಲ್ಲ, ಮೀಥೈಲ್ ಗುಂಪುಗಳು ಅಂಟಿ ಜೀನ್ ಮೌನವಾಗಿತ್ತು ಎಂದು 1999ರಲ್ಲಿ ತಿಳಿಯಿತು. ಅಂಗಾಂಶ ಕೃಷಿಯಿಂದ ಬಂದ ಆರ್ಕಿಡ್ ಸಸಿಗಳ ಕೆಲವು ವೈಪರೀತ್ಯಗಳೂ ಇಂಥವಾಗಿರಬಹುದು. ಗೊಂಚಲಿನ ಒಂದೇ ಹೂವು ಕೆಟ್ಟಿದ್ದರೆ ಅದು ಸಾಮಾನ್ಯವಾಗಿ ಮೊಗ್ಗಿನ ಹಂತದ ಆಕಸ್ಮಿಕ. ಮುಂದಿನ ಹೂಬಿಡುವ ಕಾಲದಲ್ಲೂ ಗೊಂಚಲೆಲ್ಲ ಹಾಗೆಯೇ ಅರಳಿದರೆ ಆಗ ತಳಿಯ ಮಾತು.